ಊಟದ ಪಂಕ್ತಿ, ದುಡ್ಡಿನ ಮಾತು ಮತ್ತು ‘ವಟ್ಟ’

‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಅಂತ ಗಾದೆ. ಊಟಾನೂ ಇದೆ, ಮಾತೂ ಇದೆ, ದುಡ್ಡು ಮಾತ್ರ ಇಲ್ಲ! ಉಣ್ಣುವಾಗ ದುಡ್ಡಿನ ಮಾತು ಎತ್ತಬಾರದು ಅಂತ ನಮ್ಮ ಮನೆಯ ಹಿರಿಯರು ಗದರಿಸುತ್ತಿದ್ದರು. ಆದರೆ ಇತಿಹಾಸ ಕೆದಕುತ್ತಾ ಹೋದರೆ ಬೇರೆಯೇ ಚಿತ್ರ ಕಾಣುತ್ತದೆ. ದುಡ್ಡು ಅಂದರೆ ಏನು, ಅದು ಯಾಕೆ ನಡೆಯುತ್ತದೆ, ಯಾಕೆ ಒಂದು ದಿನ ನಡೆಯುವುದಿಲ್ಲ ಅನ್ನುವ ದೊಡ್ಡ ದೊಡ್ಡ ಚರ್ಚೆಗಳು ಊಟಕ್ಕೆ ಕೂತಲ್ಲೇ ಆಗಿವೆ. ತಿಳಿದವರೊಬ್ಬರನ್ನು ಕರೆದು, ಹೊಟ್ಟೆ ತುಂಬಾ ಉಣ್ಣಿಸಿ, ‘ಈಗ ಹೇಳಿ ಸ್ವಾಮಿ’ ಅನ್ನುವ ಪದ್ಧತಿ ಲಂಡನ್ನಿನಲ್ಲೂ ಇತ್ತು, ನಮ್ಮ ಕಡೆಯೂ ಇತ್ತು. ಆ ಪಂಕ್ತಿಯಲ್ಲಿ ಯಾರು ಕೂತಿದ್ದರು, ಯಾರು ಹೊರಗೆ ನಿಂತಿದ್ದರು ಅನ್ನುವುದೇ ಈ ಬರಹ. ಸ್ವಲ್ಪ ಉದ್ದ ಆಗಿದೆ. ಎಲೆ ಅಡಿಕೆ ಹಾಕಿಕೊಂಡು ನಿಧಾನವಾಗಿ ಓದಿ :-)

ನಮ್ಮೂರು ಸವಳಂಗ. ಶಿವಮೊಗ್ಗದಿಂದ ಶಿಕಾರಿಪುರದ ಬಸ್ಸು ಹತ್ತಿದರೆ ದಾರಿಯಲ್ಲಿ ಸಿಗುತ್ತದೆ. ನ್ಯಾಮತಿ, ಹೊನ್ನಾಳಿ ಕಡೆ ಹೋಗುವವರು ಇಲ್ಲಿ ತಿರುಗಿಕೊಳ್ಳಬೇಕು. 1997ರ ಆಗಸ್ಟ್ 15ರ ತನಕ ನಾವು ಶಿವಮೊಗ್ಗ ಜಿಲ್ಲೆಯವರು, ಆಮೇಲೆ ದಾವಣಗೆರೆ ಜಿಲ್ಲೆಯವರಾದೆವು. ಹೊನ್ನಾಳಿ ತಾಲ್ಲೂಕಿನವರಾಗಿದ್ದವರು ಈಗ ನ್ಯಾಮತಿ ತಾಲ್ಲೂಕಿನವರು. ಊರು ಕೂತಲ್ಲೇ ಕೂತಿದೆ, ಕಾಗದದ ಮೇಲಿನ ಮೊಹರು ಮಾತ್ರ ಬದಲಾಗುತ್ತಾ ಬಂದಿದೆ. ನಾಣ್ಯದ ಕಥೆಯೂ ಹೀಗೇ ಅನ್ನುವುದನ್ನು ಮುಂದೆ ನೋಡುವಿರಂತೆ.

2017ರ ಫೆಬ್ರವರಿಯಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ಗೃಹಪ್ರವೇಶ. ನೋಟು ರದ್ದಾಗಿ ಮೂರು ತಿಂಗಳಾಗಿತ್ತು ಅಷ್ಟೆ. ಎಲ್ಲಿ ನಾಲ್ಕು ಜನ ಕೂತರೂ ಅದೇ ಮಾತು. ಬಂದವರಲ್ಲಿ ನಮ್ಮ ದೊಡ್ಡಪ್ಪನ ಬೀಗರೊಬ್ಬರಿದ್ದರು, ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದವರು. ಹೋಳಿಗೆ ಊಟ ಮುಗಿದು ಎಲೆ ಅಡಿಕೆ ತಟ್ಟೆ ಬಂದಾಗ ದೊಡ್ಡಪ್ಪ, “ಬೀಗ್ರೆ, ಈ ದುಡ್ಡಿನ ವ್ಯವಹಾರ ಏನು ಅಂತ ನಮಗೆಲ್ಲ ತಿಳಿಯೋ ಹಂಗೆ ಸ್ವಲ್ಪ ಹೇಳಿಬಿಡ್ರಿ” ಅಂದರು. ಹಾಲಿನ ಜಮಖಾನದ ಮೇಲೆ ಒಂದಿಪ್ಪತ್ತು ಜನ ಸುತ್ತಲೂ ಕೂತರು. ಎಲ್ಲರೂ ಗಂಡಸರೇ. ಹೆಂಗಸರ ಪಂಕ್ತಿ ಇನ್ನೂ ಶುರುವಾಗಿರಲಿಲ್ಲ, ಅವರು ಎಲೆ ಎತ್ತುತ್ತಿದ್ದರು.

ಬೀಗರು ಚೆನ್ನಾಗಿಯೇ ಹೇಳಿದರು. ಅಡಿಕೆ ಮಂಡಿಯ ಉದಾಹರಣೆ ಕೊಟ್ಟರು. ನೀವು ಅಡಿಕೆ ತಂದು ಸಾಹುಕಾರರ ಮಂಡಿಯಲ್ಲಿ ಇಡುತ್ತೀರಿ, ಅವರು ಒಂದು ಚೀಟಿ ಕೊಡುತ್ತಾರೆ. ಸಾಹುಕಾರರ ಮಾತಿನ ಮೇಲೆ ಊರಿಗೆಲ್ಲ ನಂಬಿಕೆ ಇದ್ದರೆ ಆ ಚೀಟಿಯನ್ನೇ ತೋರಿಸಿ ಗೊಬ್ಬರ ತರಬಹುದು, ಬಟ್ಟೆ ತರಬಹುದು. ಚೀಟಿ ಕೈಯಿಂದ ಕೈಗೆ ಹೋಗುತ್ತದೆ, ಅಡಿಕೆ ಇದ್ದಲ್ಲೇ ಇರುತ್ತದೆ. ನೋಟು ಅಂದರೆ ಅಂಥದೇ ಒಂದು ಚೀಟಿ. ರಿಸರ್ವ್ ಬ್ಯಾಂಕ್ ನಿಮಗೆ ಕೊಡಬೇಕಾದ ಸಾಲದ ಪತ್ರ. ಅದರ ಲೆಕ್ಕದ ಪುಸ್ತಕದಲ್ಲಿ ನೋಟುಗಳನ್ನು ಬರೆಯುವುದೂ ‘ಕೊಡಬೇಕಾದದ್ದು’ ಅನ್ನುವ ಕಡೆಗೇ. ಒಂದೇ ವ್ಯತ್ಯಾಸ, ಈಗ ಆ ಚೀಟಿ ಕೊಟ್ಟರೆ ಅಡಿಕೆಯೂ ಸಿಗುವುದಿಲ್ಲ, ಬಂಗಾರವೂ ಸಿಗುವುದಿಲ್ಲ. ಇನ್ನೊಂದು ಚೀಟಿ ಸಿಗುತ್ತದೆ ಅಷ್ಟೆ. ಎಲ್ಲರೂ ನಕ್ಕರು. ಆಮೇಲೆ ಬಡ್ಡಿ ದರ, ಕಪ್ಪು ಹಣ, ಅಡಿಕೆ ರೇಟು ಅಂತ ಪ್ರಶ್ನೆಗಳು ಬಂದವು.

ಆಗ ಬಾಗಿಲ ಹತ್ತಿರ ನಿಂತಿದ್ದ ನಮ್ಮ ಸೋದರತ್ತೆ ಕೇಳಿದಳು. “ಬೀಗ್ರೆ, ರಾತ್ರಿ ಮಲಗೋ ತನಕ ನಡೀತಿದ್ದ ನೋಟು ಬೆಳಿಗ್ಗೆ ನಡೀಲಿಲ್ಲ. ಹಂಗಾರೆ ಆ ನೋಟಿನಾಗಿದ್ದ ದುಡ್ಡು ಎಲ್ಲಿಗೆ ಹೋತು?”

ಅತ್ತೆ ಸುಮ್ಮನೆ ಕೇಳಿದ್ದಲ್ಲ. ಟ್ರಂಕಿನ ತಳಕ್ಕೆ ಹಾಸಿದ್ದ ಪೇಪರಿನ ಕೆಳಗೆ ಐನೂರರ ಆರು ನೋಟು ಇಟ್ಟು ಮರೆತಿದ್ದಳು, ಸಿಕ್ಕಿದ್ದು ಸಂಕ್ರಾಂತಿಗೆ ಟ್ರಂಕು ಬಿಸಿಲಿಗೆ ಹಾಕಿದಾಗ. ಬ್ಯಾಂಕಿಗೆ ಕಟ್ಟಲು ಕೊಟ್ಟಿದ್ದ ಗಡುವು 2016ರ ಡಿಸೆಂಬರ್ 30ಕ್ಕೆ ಮುಗಿದಿತ್ತು. ಬೀಗರು ಸ್ವಲ್ಪ ತಡೆದು, “ಅಕ್ಕಾರೆ, ದುಡ್ಡು ಎಲ್ಲಿಗೂ ಹೋಗಲಿಲ್ಲ. ಕೊಡಬೇಕಾದವರ ಲೆಕ್ಕದಾಗೆ ಒಂದು ಸಾಲ ಕಮ್ಮಿ ಆತು” ಅಂದರು. ಅತ್ತೆ ತಟ್ಟನೆ, “ಅಂದ್ರೆ ನನಗೆ ಕೊಡಬೇಕಾಗಿದ್ದವರಿಗೆ ಉಳೀತು ಅನ್ರಿ” ಅಂದು ಒಳಗೆ ಹೋದಳು. ಹಾಲಿನಲ್ಲಿ ಯಾರೂ ನಗಲಿಲ್ಲ.

ಅತ್ತೆ ಹೇಳಿದ್ದು ಕಾನೂನಿನ ಲೆಕ್ಕದಲ್ಲೂ ಸರಿ. 2016ರ ಡಿಸೆಂಬರ್ ಕೊನೆಗೆ ಬಂದ ಸುಗ್ರೀವಾಜ್ಞೆ, ಅದರ ಹಿಂದೆಯೇ 2017ರಲ್ಲಿ ಬಂದ ಕಾಯ್ದೆ, ಎರಡೂ ಹೇಳಿದ್ದು ಹಳೆಯ ಐನೂರು, ಸಾವಿರದ ನೋಟುಗಳ ಮೇಲೆ ರಿಸರ್ವ್ ಬ್ಯಾಂಕಿನ ಹೊಣೆ ಮುಗಿಯಿತು ಅಂತಲೇ. ರದ್ದಾದ 15.41 ಲಕ್ಷ ಕೋಟಿ ರೂಪಾಯಿಯಲ್ಲಿ 15.31 ಲಕ್ಷ ಕೋಟಿ ವಾಪಸ್ ಬಂತು ಅಂತ 2018ರಲ್ಲಿ ರಿಸರ್ವ್ ಬ್ಯಾಂಕೇ ಲೆಕ್ಕ ಕೊಟ್ಟಿತು. ಅಂದರೆ 99.3 ಶೇಕಡಾ. ಬಾರದೆ ಉಳಿದದ್ದರಲ್ಲಿ ಯಾರ ಯಾರ ಟ್ರಂಕಿನ ದುಡ್ಡು ಎಷ್ಟಿತ್ತೋ!

ಅತ್ತೆಯ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ದುಡ್ಡಿನ ಮೊಹರು ಬದಲಾದಾಗಲೆಲ್ಲ ನಷ್ಟ ಯಾರ ತಲೆಗೆ ಬಂತು ಅಂತ ನಮ್ಮ ಕಡೆಯ ಹಳೆಯ ಕಥೆಗಳನ್ನೇ ಹುಡುಕತೊಡಗಿದೆ.

ನಮಗೆ ಹತ್ತಿರದ ದೊಡ್ಡ ರಾಜಧಾನಿ ಅಂದರೆ ಇಕ್ಕೇರಿ, ಆಮೇಲೆ ಬಿದನೂರು. ಕೆಳದಿ ಅರಸರ ಬಂಗಾರದ ‘ಇಕ್ಕೇರಿ ವರಹ’ದ ಒಂದು ಮುಖದಲ್ಲಿ ಶಿವ ಪಾರ್ವತಿಯರು, ಇನ್ನೊಂದು ಮುಖದಲ್ಲಿ ನಾಗರಿ ಲಿಪಿಯಲ್ಲಿ ‘ಶ್ರೀ ಸದಾಶಿವ’. ಶಿವಪ್ಪ ನಾಯಕನ (ಆಳ್ವಿಕೆ 1645ರಿಂದ 1660) ಕಂದಾಯದ ‘ಶಿಸ್ತು’ ನಮ್ಮ ಕಡೆ ಇವತ್ತಿಗೂ ಗಾದೆಯ ಹಾಗೆ ಜನರ ಬಾಯಲ್ಲಿದೆ. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದು, ಹೈದರ್‌ನಗರ ಅಂತ ಹೆಸರಿಟ್ಟು (ಈಗಿನ ನಗರ), ಅಲ್ಲಿ ತನ್ನ ವರಹ ಟಂಕಿಸಿದ. ಏನು ಬದಲಾಯಿಸಿದ ಗೊತ್ತಾ? ಒಂದೇ ಮುಖ! ಶಿವ ಪಾರ್ವತಿಯರು ಇದ್ದ ಹಾಗೇ ಇದ್ದರು, ಹಿಂದೆ ಮಾತ್ರ ತನ್ನ ಹೆಸರಿನ ಮೊದಲಕ್ಷರ, ಪರ್ಷಿಯನ್ ಲಿಪಿಯ ‘ಹೇ’, ಒಂದನ್ನು ಒತ್ತಿಸಿದ. ಇದನ್ನು ಧರ್ಮಸಹಿಷ್ಣುತೆ ಅಂತ ಪಾಠದಲ್ಲಿ ಓದುತ್ತೇವೆ. ಇರಬಹುದು. ಆದರೆ ಇದರಲ್ಲಿ ವ್ಯಾಪಾರದ ತಿಳಿವಳಿಕೆಯೂ ಇದೆ. ಸಂತೆಗೆ ಬಂದ ರೈತ ಓದಲಾರ, ಆದರೆ ಶಿವ ಪಾರ್ವತಿಯರ ಗುರುತು ಬಲ್ಲ. ಆ ಗುರುತು ಉಳಿದರೆ ನಾಣ್ಯ ನಡೆಯುತ್ತದೆ.

ಟಿಪ್ಪು ಹಾಗೆ ಮಾಡಲಿಲ್ಲ. ಚಿತ್ರ, ಹೆಸರು, ವರ್ಷದ ಲೆಕ್ಕ ಎಲ್ಲವನ್ನೂ ಹೊಸದಾಗಿ ಮಾಡಿದ. ವರಹಕ್ಕೆ ಫಾರೂಕಿ, ಬೆಳ್ಳಿ ರೂಪಾಯಿಗೆ ಇಮಾಮಿ, ಎರಡು ರೂಪಾಯಿಯ ನಾಣ್ಯಕ್ಕೆ ಹೈದರಿ, ತಾಮ್ರದ ಮೇಲೆ ಆನೆ. ನೋಡಲು ಬಲು ಚಂದದ ನಾಣ್ಯಗಳು. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶಿವ ಪಾರ್ವತಿಯರು ವರಹದ ಮೇಲೆ ಮತ್ತೆ ಬಂದರು, ಹಿಂದೆ ‘ಶ್ರೀ ಕೃಷ್ಣರಾಜ’ ಅಂತ. ಲೆಕ್ಕ ಹಾಕಿ. ನಗರದ ಕಡೆ 1760ರಲ್ಲಿ ಹುಟ್ಟಿದವನೊಬ್ಬ ನಲವತ್ತು ವರ್ಷ ತುಂಬುವಷ್ಟರಲ್ಲಿ ನಾಲ್ಕು ಮೊಹರು ನೋಡಿದ್ದಾನೆ. ಜೊತೆಗೆ ಹಳೆಯ ಕಂಠೀರಾಯಿ ಹಣ, ಮದರಾಸು ಕಡೆಯ ನಕ್ಷತ್ರ ವರಹ, ಕಂಪನಿ ರೂಪಾಯಿ. ಎಲ್ಲವೂ ಒಂದೇ ಸಂತೆಯಲ್ಲಿ!

ಇಷ್ಟು ನಾಣ್ಯ ಇದ್ದಾಗ ಯಾವುದಕ್ಕೆ ಎಷ್ಟು ಬೆಲೆ ಅಂತ ಹೇಳುವವನು ಚಿನಿವಾರ. ಪೇಪರಿನಲ್ಲಿ ಚಿನ್ನ ಬೆಳ್ಳಿಯ ದರದ ಮೇಲೆ ‘ಚಿನಿವಾರ ಪೇಟೆ’ ಅಂತ ಬರುತ್ತದಲ್ಲ, ಅದೇ ಚಿನಿವಾರ. ನಾಣ್ಯವನ್ನು ಕಲ್ಲಿಗೆ ಉಜ್ಜಿ, ತೂಗಿ, ಕಿವಿಯ ಹತ್ತಿರ ಬಡಿದು ನೋಡಿ, ‘ಇದು ಸವೆದಿದೆ’, ‘ಇದು ಈ ಸೀಮೆಯದಲ್ಲ’ ಅಂತ ಸ್ವಲ್ಪ ಮುರಿದುಕೊಳ್ಳುತ್ತಿದ್ದ. ಹಾಗೆ ಮುರಿದುಕೊಳ್ಳುವುದಕ್ಕೆ ‘ವಟ್ಟ’ ಅಂತ ಹೆಸರು. 1800-01ರಲ್ಲಿ ಮೈಸೂರು ಸೀಮೆಯನ್ನೆಲ್ಲ ಸುತ್ತಿದ ಫ್ರಾನ್ಸಿಸ್ ಬುಕಾನನ್ ಹೋದ ಹೋದಲ್ಲಿ ನಾಣ್ಯ, ತೂಕ, ಅಳತೆಯ ಲೆಕ್ಕ ಬರೆದುಕೊಂಡಿದ್ದಾನೆ. ಬರೆದುಕೊಳ್ಳಲೇಬೇಕಿತ್ತು, ಊರಿಂದ ಊರಿಗೆ ಬೇರೆ!

ಈ ವಟ್ಟ ಹೋಗುತ್ತಿದ್ದುದು ಯಾರ ಜೇಬಿನಿಂದ? ದೊಡ್ಡ ವರ್ತಕನಿಗೆ ದರ ಗೊತ್ತು, ಕಾಯುವ ಶಕ್ತಿಯೂ ಇದೆ. ನಾಣ್ಯ ತನಗೆ ಅನುಕೂಲವಾದ ಕಡೆ ಹೋದಾಗ ಬದಲಾಯಿಸುತ್ತಾನೆ. ರೈತನಿಗೆ ಕಂದಾಯದ ಕಂತು ಕಟ್ಟಲು ನಾಳೆಯೇ ಕೊನೆ ದಿನ. ಖಜಾನೆ ಕೇಳುವ ನಾಣ್ಯ ಕೈಯಲ್ಲಿರುವ ನಾಣ್ಯ ಅಲ್ಲದಿದ್ದರೆ ಚಿನಿವಾರ ಹೇಳಿದ್ದೇ ದರ. ಅವಸರ ಇರುವವನು, ದರ ಗೊತ್ತಿಲ್ಲದವನು ವಟ್ಟ ಕೊಡುತ್ತಾನೆ. ಇದು ಆಗಿನ ನಿಯಮ. ಈಗಿನದೂ ಅನ್ನಿಸುವುದಿಲ್ಲವೇ? 2016ರಲ್ಲಿ ಹಳೆಯ ಐನೂರು ಕೊಟ್ಟರೆ ನಾನೂರು ಕೊಡುತ್ತೇವೆ ಅಂದವರು ಎಲ್ಲ ಊರಲ್ಲೂ ಇದ್ದರು. ಹೆಸರು ಕಮಿಷನ್ ಅಂತಿತ್ತು ಅಷ್ಟೆ.

ಅಂದ ಹಾಗೆ, ನಂಬಿಕೆಯ ಮನುಷ್ಯನಿಗೆ ನಮ್ಮಲ್ಲಿ ‘ನಾಣ್ಯಸ್ಥ’ ಅನ್ನುತ್ತಾರೆ. ಎಂಥಾ ಪದ ನೋಡಿ! ಉಜ್ಜಿದರೂ ತೂಗಿದರೂ ವಟ್ಟ ಬೀಳದವನು.

ಈಗ ಲಂಡನ್ನಿಗೆ ಬನ್ನಿ. ಯಾಕೆ ಅಂದರೆ ಮುಂದೆ ನಮ್ಮ ಸಂತೆಯ ದುಡ್ಡಿನ ತೀರ್ಮಾನ ಆದದ್ದು ಅಲ್ಲಿ. 1797ರಲ್ಲಿ, ಫ್ರಾನ್ಸಿನ ಮೇಲೆ ಯುದ್ಧ ನಡೆಯುತ್ತಿದ್ದಾಗ, ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ನೋಟಿಗೆ ಬಂಗಾರ ಕೊಡುವುದನ್ನು ನಿಲ್ಲಿಸಿತು. ನಮ್ಮ ಬೀಗರು ಹೇಳಿದ ಚೀಟಿಯ ಕಥೆಯೇ. ಮತ್ತೆ ಕೊಡಲು ಶುರು ಮಾಡಿದ್ದು 1821ರಲ್ಲಿ. ಅದೇ ವರ್ಷ ಅಲ್ಲಿ ‘ಪೊಲಿಟಿಕಲ್ ಎಕಾನಮಿ ಕ್ಲಬ್’ ಹುಟ್ಟಿತು. ಡೇವಿಡ್ ರಿಕಾರ್ಡೊ, ಜೇಮ್ಸ್ ಮಿಲ್, ಮಾಲ್ಥಸ್, ಥಾಮಸ್ ಟೂಕ್ ಇವರೆಲ್ಲ ಸದಸ್ಯರು. ತಿಂಗಳಿಗೊಮ್ಮೆ ಸೇರುವುದು, ಊಟ ಮಾಡುವುದು, ಒಬ್ಬ ಸದಸ್ಯ ಒಂದು ಪ್ರಶ್ನೆ ಇಡುವುದು, ಎಲ್ಲರೂ ಚರ್ಚಿಸುವುದು. ಸದಸ್ಯರ ಸಂಖ್ಯೆಗೆ ಮಿತಿ ಇತ್ತು, ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಬಂಗಾರದ ಲೆಕ್ಕಕ್ಕೆ ವಾಪಸ್ ಹೋಗುವಾಗ ಬೆಲೆಗಳು ಇಳಿದು ಸಾಲಗಾರರು, ಕೆಲಸ ಕಳೆದುಕೊಂಡವರು ಒದ್ದಾಡಿದರು. ಅವರು ಮಾತ್ರ ಆ ಊಟದ ಮೇಜಿನಲ್ಲಿ ಇರಲಿಲ್ಲ.

ಸುಮಾರು ನೂರು ವರ್ಷದ ನಂತರ, 1917ರಲ್ಲಿ, ಆಸ್ವಾಲ್ಡ್ ಫಾಕ್ ಅನ್ನುವ ಷೇರು ದಲ್ಲಾಳಿ ಲಂಡನ್ನಿನ ಕೆಫೆ ರಾಯಲ್ ಹೋಟೆಲಿನಲ್ಲಿ ‘ಟ್ಯೂಸ್‌ಡೇ ಕ್ಲಬ್’ ಕಟ್ಟಿದ. ಬ್ಯಾಂಕಿನವರು, ಖಜಾನೆಯವರು, ಪತ್ರಕರ್ತರು ಊಟಕ್ಕೆ ಸೇರಿ ಹಣಕಾಸಿನ ಮಾತಾಡುತ್ತಿದ್ದರು. ಅವರಲ್ಲಿ ಜಾನ್ ಮೇನಾರ್ಡ್ ಕೇನ್ಸ್ ಕೂಡ ಒಬ್ಬ. (ನಮ್ಮ ನೋಟು ರದ್ದಾದ 2016ರ ನವೆಂಬರ್ 8 ಕೂಡ ಮಂಗಳವಾರವೇ, ಕಾಕತಾಳೀಯ!) ಕೇನ್ಸ್ 1906ರಿಂದ 1908ರ ತನಕ ಲಂಡನ್ನಿನ ಇಂಡಿಯಾ ಆಫೀಸಿನಲ್ಲಿ ಗುಮಾಸ್ತಿಕೆ ಮಾಡಿ, 1913ರಲ್ಲಿ ಭಾರತದ ನಾಣ್ಯ ವ್ಯವಸ್ಥೆಯ ಬಗ್ಗೆಯೇ ತನ್ನ ಮೊದಲ ಪುಸ್ತಕ ಬರೆದ. ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ದೊಡ್ಡ ಬುದ್ಧಿವಂತ, ಅನುಮಾನವೇ ಇಲ್ಲ. ಆದರೆ ಸವಳಂಗದಂಥ ಊರಿನ ಟ್ರಂಕು ಅಲ್ಲಿಂದ ಹೇಗೆ ಕಂಡೀತು?

ಆ ಟ್ರಂಕಿಗೆ ಏನಾಯಿತು ಅಂತ ಹೇಳುತ್ತೇನೆ. ಮೈಸೂರಿನ ಸ್ವಂತ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಹೋಗಿ 1843ರಲ್ಲಿ ಮುಚ್ಚಿತು. 1799ರ ಒಪ್ಪಂದದಲ್ಲಿ ಮೈಸೂರು ಕಂಪನಿಗೆ ವರ್ಷಕ್ಕೆ ಕಟ್ಟಬೇಕಾಗಿದ್ದ ಏಳು ಲಕ್ಷ ನಕ್ಷತ್ರ ವರಹ ಲೆಕ್ಕದ ಪುಸ್ತಕದಲ್ಲಿ ವರಹಕ್ಕೆ ಮೂರೂವರೆ ರೂಪಾಯಿಯ ಹಾಗೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಆಯಿತು. 1835ರಿಂದ ಕಂಪನಿಯ ಸೀಮೆಗೆಲ್ಲ ಒಂದೇ ಬೆಳ್ಳಿ ರೂಪಾಯಿ. ತೂಕ ಒಂದು ತೊಲ, ಅಂದರೆ 180 ಗ್ರೇನ್. ಒಂದು ಕಡೆಯಿಂದ ಇದು ಒಳ್ಳೆಯದೇ, ಚಿನಿವಾರನ ವಟ್ಟ ತಪ್ಪಿತು. ಇನ್ನೊಂದು ಅನುಕೂಲ, ಯಾರು ಬೇಕಾದರೂ ಬೆಳ್ಳಿ ತೆಗೆದುಕೊಂಡು ಹೋಗಿ ಟಂಕಸಾಲೆಯಲ್ಲಿ ಕೊಟ್ಟು, ಸಣ್ಣದೊಂದು ಟಂಕಿಸುವ ಖರ್ಚು ಕಳೆದು ರೂಪಾಯಿ ಪಡೆಯಬಹುದಿತ್ತು. ಹಾಗಾಗಿ ಹತ್ತು ರೂಪಾಯಿ ತೂಕದ ಬೆಳ್ಳಿ ಕಡಗ ಅಂದರೆ ಹೆಚ್ಚುಕಡಿಮೆ ಹತ್ತು ರೂಪಾಯಿಯೇ. ಹೆಂಗಸರ ಮೈಮೇಲಿನ ಬೆಳ್ಳಿ ಬರಗಾಲಕ್ಕೆ ಆಗುವ ಠೇವಣಿ.

ನ್ಯಾಮತಿ ತಾಲ್ಲೂಕಿನಲ್ಲೇ ಸೂರಗೊಂಡನಕೊಪ್ಪ ಇದೆ, ಸಂತ ಸೇವಾಲಾಲರು ಹುಟ್ಟಿದ ಜಾಗ ಅಂತ ಲಂಬಾಣಿಗರು ಎಲ್ಲೆಲ್ಲಿಂದಲೋ ಬರುತ್ತಾರೆ. ಹಿಂದೆ ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದೇಶ ಸುತ್ತಿದ ಜನ. ಅವರ ಹೆಂಗಸರ ಉಡುಪು ನೋಡಿದ್ದೀರಲ್ಲ, ಕನ್ನಡಿ ಚೂರಿನ ಜೊತೆ ನಾಣ್ಯಗಳನ್ನೂ ಹೊಲಿದಿರುತ್ತಾರೆ, ಕೈಕಾಲಿಗೆ ಬೆಳ್ಳಿ. ನಾವು ಅದನ್ನು ಅಲಂಕಾರ ಅಂತ ಫೋಟೋ ತೆಗೆಯುತ್ತೇವೆ. ಅದು ಪಾಸ್‌ಬುಕ್ ಕೂಡ.

1893ರ ಜೂನ್ 26ರಂದು ಸರ್ಕಾರ ಟಂಕಸಾಲೆಯ ಬಾಗಿಲನ್ನು ಜನರ ಬೆಳ್ಳಿಗೆ ಮುಚ್ಚಿತು. ಜಗತ್ತಿನಲ್ಲಿ ಬೆಳ್ಳಿ ಅಗ್ಗವಾಗುತ್ತಾ ಬಂದು ರೂಪಾಯಿಯೂ ಬೀಳುತ್ತಿತ್ತು, ಲಂಡನ್ನಿಗೆ ಬಂಗಾರದ ಲೆಕ್ಕದಲ್ಲಿ ಕಟ್ಟಬೇಕಾಗಿದ್ದ ಸರ್ಕಾರಕ್ಕೆ ಅದು ತಲೆನೋವು. ರೂಪಾಯಿಯನ್ನು ಎತ್ತಿ ನಿಲ್ಲಿಸಲು ಈ ಉಪಾಯ. ರೂಪಾಯಿ ನಿಂತಿತು, ಸರಿ. ಆದರೆ ಅವತ್ತಿನಿಂದ ರೂಪಾಯಿಯ ಬೆಲೆ ಬೇರೆ, ಅದರೊಳಗಿನ ಬೆಳ್ಳಿಯ ಬೆಲೆ ಬೇರೆ. ಕಡಗದ ಬೆಳ್ಳಿ ಇನ್ನು ರೂಪಾಯಿ ಆಗಲಾರದು, ಪೇಟೆಯಲ್ಲಿ ಎಷ್ಟಕ್ಕೆ ಹೋಗುತ್ತದೋ ಅಷ್ಟೆ. ಪೇಟೆಯಲ್ಲಿ ಬೆಳ್ಳಿ ಇಳಿಯುತ್ತಲೇ ಹೋಯಿತು. ಯಾರ ಮನೆಗೂ ನುಗ್ಗದೆ, ಯಾವ ಪೆಟ್ಟಿಗೆಯನ್ನೂ ಒಡೆಯದೆ, ಬೆಳ್ಳಿ ಇಟ್ಟುಕೊಂಡವರೆಲ್ಲರಿಂದ ವಟ್ಟ ಮುರಿದುಕೊಂಡ ಹಾಗಾಯಿತು. ಆ ಹೆಂಗಸರಿಗೆ ಅದು ಗೊತ್ತಾದದ್ದು ಕಡಗ ಮಾರಲು ಹೋದ ದಿನ.

ಇದನ್ನು ಕೆಳಗಿನಿಂದ ನೋಡಿದ ಒಬ್ಬ ತಜ್ಞರು ಇದ್ದರು. ಡಾ. ಅಂಬೇಡ್ಕರ್. ಸಂವಿಧಾನದ ಅಂಬೇಡ್ಕರ್ ಎಲ್ಲರಿಗೂ ಗೊತ್ತು, ರೂಪಾಯಿಯ ಅಂಬೇಡ್ಕರ್ ಅಷ್ಟು ಗೊತ್ತಿಲ್ಲ. 1923ರಲ್ಲಿ ಲಂಡನ್ನಿನಲ್ಲಿ ‘ದಿ ಪ್ರಾಬ್ಲಮ್ ಆಫ್ ದಿ ರುಪೀ’ ಪ್ರಕಟಿಸಿದರು. ಕೇನ್ಸ್ ಮೆಚ್ಚಿದ್ದ ವ್ಯವಸ್ಥೆಯನ್ನೇ ಪ್ರಶ್ನಿಸಿದರು. ಸರ್ಕಾರ ತನ್ನಿಷ್ಟದ ಹಾಗೆ ರೂಪಾಯಿ ಹೆಚ್ಚಿಸುವಂತಿದ್ದರೆ ಅದರ ಕೊಳ್ಳುವ ಶಕ್ತಿ ಕುಗ್ಗುತ್ತದೆ, ಬೆಲೆ ಏರಿದಷ್ಟು ಬೇಗ ಕೂಲಿ ಏರುವುದಿಲ್ಲ, ಪೆಟ್ಟು ಬೀಳುವುದು ದುಡಿಯುವವನಿಗೆ, ಅನ್ನುವುದು ಅವರ ವಾದದ ತಿರುಳು. 1925ರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆ ಸಾಕ್ಷ್ಯವನ್ನೂ ಹೇಳಿದರು. ದೇಶಕ್ಕೊಂದು ಕೇಂದ್ರ ಬ್ಯಾಂಕ್ ಬೇಕು ಅಂತ ಆ ಆಯೋಗ ಹೇಳಿತು, 1935ರ ಏಪ್ರಿಲ್ 1ರಂದು ರಿಸರ್ವ್ ಬ್ಯಾಂಕ್ ಶುರುವಾಯಿತು. ಯೋಚಿಸಿ ನೋಡಿ. ಆ ಕಾಲದಲ್ಲಿ ದುಡ್ಡಿನ ಬಗ್ಗೆ ಇಷ್ಟು ತಿಳಿದವರು ಈ ದೇಶದಲ್ಲಿ ಎಷ್ಟು ಜನ ಇದ್ದರು? ಆದರೂ ಎಷ್ಟು ಮನೆಗಳು ಅವರನ್ನು ಊಟದ ಪಂಕ್ತಿಯಲ್ಲಿ ಕೂರಿಸಿಕೊಳ್ಳುತ್ತಿದ್ದವು?

ಊಟಕ್ಕೆ ಕರೆದು ವಿದ್ಯೆಯ ಮಾತಾಡುವುದು ಇಂಗ್ಲಿಷರಿಂದ ಕಲಿತದ್ದು ಅಂದುಕೊಳ್ಳಬೇಡಿ. ಶಿಕಾರಿಪುರ ದಾಟಿದರೆ ಬಳ್ಳಿಗಾವಿ. ಅಲ್ಲಿನ ಕೇದಾರೇಶ್ವರ ಗುಡಿಯ ಕೋಡಿಮಠವನ್ನು ಬಣ್ಣಿಸುವ 1162ರ ಶಾಸನ ಒಂದಿದೆ. ವೇದ, ವ್ಯಾಕರಣ, ದರ್ಶನಗಳನ್ನು ವಿವರಿಸುವ ಜಾಗವೂ ಅದೇ, ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ ಅನ್ನ ಹಾಕುವ ಜಾಗವೂ ಅದೇ, ರೋಗಿಗಳಿಗೆ ಔಷಧಿ ಕೊಡುವ ಜಾಗವೂ ಅದೇ. ಲಂಡನ್ ಕ್ಲಬ್ಬಿಗಿಂತ 659 ವರ್ಷ ಹಳೆಯದು ಸ್ವಾಮಿ! ಇನ್ನೊಂದು ದಿಕ್ಕಿಗೆ ಜಗಳೂರು. 1950ರಲ್ಲಿ ಸಿರಿಗೆರೆ ಮಠದ ತರಳಬಾಳು ಹುಣ್ಣಿಮೆ ಮೊದಲು ನಡೆದದ್ದು ಅಲ್ಲಿ. ಬೇರೆ ಬೇರೆ ವಿಷಯ ಬಲ್ಲವರನ್ನು ಕರೆಸಿ ಸಾವಿರಾರು ಜನರ ಮುಂದೆ ಮಾತಾಡಿಸುವುದು, ಬಂದವರಿಗೆಲ್ಲ ದಾಸೋಹ. ಬಾಗಿಲಲ್ಲಿ ಸದಸ್ಯತ್ವದ ಚೀಟಿ ಕೇಳುವುದಿಲ್ಲ.

ಅಂದರೆ ನಮಗೆ ಬೇಕಾದ ಮಾದರಿ ನಮ್ಮ ಹತ್ತಿರವೇ ಇದೆ. ಅದರಲ್ಲಿ ದುಡ್ಡಿನ ಪಾಠಕ್ಕೂ ಒಂದು ಜಾಗ ಬೇಕು ಅಷ್ಟೆ. 1946ರಲ್ಲಿ, 1978ರಲ್ಲಿ ದೊಡ್ಡ ನೋಟು ರದ್ದಾದಾಗ ಹಳ್ಳಿಗಳಿಗೆ ಅಷ್ಟಾಗಿ ತಟ್ಟಲಿಲ್ಲ. ಆಗ ಸಾವಿರದ ನೋಟು ನೋಡಿದವರೇ ನಮ್ಮೂರಲ್ಲಿ ಎಷ್ಟಿದ್ದರೋ! 2016ರದ್ದು ಎಲ್ಲರ ಸೆರಗಿನ ಗಂಟಿನಲ್ಲಿದ್ದ ನೋಟು. 2023ರ ಮೇ ತಿಂಗಳಲ್ಲಿ ಎರಡು ಸಾವಿರದ ನೋಟು ವಾಪಸ್ ಪಡೆಯುವಾಗ ‘ಚಲಾವಣೆಯ ಮಾನ್ಯತೆ ಇದ್ದೇ ಇದೆ, ನಿಧಾನವಾಗಿ ಕೊಡಿ’ ಅಂದರು. ಹಾಗೂ ಮಾಡಬಹುದು ಅಂತ ಆಯಿತಲ್ಲ! ಈಗ ಸಂತೆಯ ಸೊಪ್ಪಿನ ಬುಟ್ಟಿಯ ಪಕ್ಕವೂ ಕ್ಯೂಆರ್ ಹಲಗೆ ನಿಂತಿದೆ. ಇದರ ವಟ್ಟ ಏನು, ಇವತ್ತು ಯಾರು ಕೊಡುತ್ತಿದ್ದಾರೆ, ಮುಂದೆ ಯಾರು ಕೊಡಬೇಕಾದೀತು, ಸೊಪ್ಪು ಮಾರುವವಳಿಗೆ ಹೇಳಿದವರು ಯಾರಾದರೂ ಇದ್ದಾರಾ?

ನಿಮ್ಮ ಮನೆಯ ಮದುವೆಗೋ ಹಬ್ಬಕ್ಕೋ ಬ್ಯಾಂಕಿನವರು, ಲೆಕ್ಕ ಬಲ್ಲವರು ಬಂದರೆ ಬಿಡಬೇಡಿ, ಉಣ್ಣಿಸಿ, ಕೂರಿಸಿ, ಕೇಳಿ. ಆದರೆ ಎಲ್ಲರ ಊಟ ಮುಗಿದ ಮೇಲೆ ಕೇಳಿ, ಬಡಿಸಿದವರದ್ದೂ. ವಟ್ಟ ಕೊಡುವವರು ಪಂಕ್ತಿಯಲ್ಲಿ ಕೂತಿದ್ದಾಗ ತಜ್ಞರ ಉತ್ತರವೇ ಬೇರೆ ಥರ ಇರುತ್ತದೆ. ನಿಮ್ಮ ಅಜ್ಜಿಯರ ಪೆಟ್ಟಿಗೆಯಲ್ಲಿ ಆನೆಯ ಕಾಸೋ, ರಾಜಾ ರಾಣಿ ರೂಪಾಯಿಯೋ ಇದ್ದರೆ ತೆಗೆದು ನೋಡಿ. ಅದು ಯಾವ ದಿನದಿಂದ ನಡೆಯಲಿಲ್ಲ, ಆ ದಿನ ಮನೆಯಲ್ಲಿ ಏನು ಮಾಡಿದರು ಅಂತ ಹಿರಿಯರನ್ನು ಕೇಳಿ ಬರೆದಿಡಿ. ಯಾವ ಗೆಜೆಟಿಯರಿನಲ್ಲೂ ಇಲ್ಲದ ಇತಿಹಾಸ ಅದು.